ಸೂಕ್ಷ್ಮದರ್ಶಕದಿಂದ ಬಾನುಲಿಗೆ: ರೇಚಲ್ ಕಾರ್ಸನ್ ಹಿಡಿದ ದಾರಿ



ಇಂದು ನಾನು ಮಾತನಾಡಬೇಕೆಂದಿರುವುದು ಒಂದು ವೃತ್ತಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವವರ ವಿಷಯ. ಪ್ರಯೋಗಶಾಲೆಯಲ್ಲಿ ಸಂಶೋಧನೆ ಮಾಡುತ್ತಿದ್ದವರು ಅಲ್ಲಿಂದ ಹೊರಬಂದು, ವಿಜ್ಞಾನವನ್ನು ಜನಕ್ಕೆ ತಿಳಿಯಹೇಳುವುದನ್ನೇ ಬಾಳಿನ ಕೆಲಸವಾಗಿ ಮಾಡಿಕೊಳ್ಳುವುದುಂಟು. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿಯೂ ಸಂಶೋಧನಾಲಯಗಳಲ್ಲಿಯೂ ದುಡಿಯುತ್ತಿರುವ ತರುಣ ತರುಣಿಯರಲ್ಲಿ ಕೆಲವರಿಗೆ ಈ ಆಸೆಯಿದೆ. ಆಸೆಯ ಜೊತೆಗೆ ಅಂಜಿಕೆಯೂ ಇದೆ. ವರ್ಷಗಟ್ಟಲೆ ಶ್ರಮಪಟ್ಟು ಗಳಿಸಿದ ವಿದ್ಯೆಯನ್ನು ಬದಿಗಿಟ್ಟು ಪತ್ರಿಕೆಗೆ ಲೇಖನ ಬರೆಯಲು ಹೊರಟರೆ, ಅದು ಎತ್ತರದ ಸ್ಥಾನದಿಂದ ಇಳಿದುಬಂದಂತಾಗುವುದೆಂದು ಮನೆಯ ಹಿರಿಯರು ಹೇಳುತ್ತಾರೆ. ವಿದ್ಯಾಗುರುಗಳು ಬಾಯಿಬಿಟ್ಟು ಹೇಳದಿದ್ದರೂ ಅನೇಕ ವೇಳೆ ಮನಸ್ಸಿನಲ್ಲಿ ಹಾಗೆಯೇ ಎಣಿಸುತ್ತಾರೆ.

ಈ ಎಣಿಕೆ ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರಯೋಗಶಾಲೆಯನ್ನು ಬಿಟ್ಟವರು ವಿಜ್ಞಾನವನ್ನು ಬಿಟ್ಟಹಾಗಲ್ಲ. ಅಲ್ಲಿ ಕಲಿತ ಶಿಸ್ತನ್ನು ಜೊತೆಗೆ ಕೊಂಡೊಯ್ದರೆ ಹೊಸ ಕೆಲಸಕ್ಕೆ ಅದೇ ಮೂಲಧನವಾಗುತ್ತದೆ. ಇದನ್ನು ತರ್ಕದಿಂದ ಸಾಧಿಸುವುದಕ್ಕಿಂತ ಒಂದು ಜೀವಿತದಿಂದ ತೋರಿಸುವುದು ಲೇಸು. ಆ ಜೀವಿತ ಅಮೆರಿಕದ ರೇಚಲ್ ಕಾರ್ಸನ್ ಅವರದು. ‘ಸೈಲೆಂಟ್ ಸ್ಪ್ರಿಂಗ್’ ಎಂಬ ಗ್ರಂಥದ ಕರ್ತೃವೆಂದು ನಿಮ್ಮಲ್ಲಿ ಅನೇಕರು ಅವರ ಹೆಸರನ್ನು ಕೇಳಿರಬಹುದು. ಆದರೆ ಅವರು ವಿಜ್ಞಾನವನ್ನು ಜನಕ್ಕೆ ಹೇಳುವ ಕೆಲಸವನ್ನು ಆರಂಭಿಸಿದ್ದು ಬಾನುಲಿಯಲ್ಲಿ ಎಂಬುದು ಅಷ್ಟು ಪ್ರಸಿದ್ಧವಾದ ಸಂಗತಿಯಲ್ಲ.

ಮೊದಲು ಅವರ ಪ್ರಯೋಗಶಾಲೆಯ ದಿನಗಳನ್ನು ನೋಡೋಣ. ಕಾರ್ಸನ್ ಹುಟ್ಟಿದ್ದು 1907ರಲ್ಲಿ, ಪೆನ್ಸಿಲ್ವೇನಿಯ ಪ್ರಾಂತ್ಯದ ಸ್ಪ್ರಿಂಗ್‌ಡೇಲ್ ಎಂಬ ಚಿಕ್ಕ ಊರಿನಲ್ಲಿ. ಸಮುದ್ರ ಅಲ್ಲಿಂದ ನೂರಾರು ಮೈಲಿ ದೂರ. ಹತ್ತು ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗಲೇ ಅವರ ಕಥೆಯೊಂದು ಮಕ್ಕಳ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಲೇಖಕಿಯಾಗಬೇಕೆಂಬ ಹಂಬಲದಿಂದಲೇ ಕಾಲೇಜಿಗೆ ಸೇರಿ ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡಿದ್ದರು. ಅಲ್ಲಿ ಮೇರಿ ಸ್ಕಿಂಕರ್ ಎಂಬ ಜೀವಶಾಸ್ತ್ರದ ಅಧ್ಯಾಪಿಕೆಯ ಪಾಠಗಳು ಅವರ ಮನಸ್ಸನ್ನು ತಿರುಗಿಸಿದುವು. ಸಾಹಿತ್ಯವನ್ನು ಬಿಟ್ಟು ಜೀವಶಾಸ್ತ್ರವನ್ನು ಹಿಡಿದರು. 1929ರ ಬೇಸಗೆಯಲ್ಲಿ ವುಡ್ಸ್ ಹೋಲ್ ಎಂಬಲ್ಲಿಯ ಸಮುದ್ರಜೀವಿ ಸಂಶೋಧನಾಲಯಕ್ಕೆ ಹೋದಾಗ, ಸಮುದ್ರವನ್ನು ಪ್ರಥಮವಾಗಿ ಕಣ್ಣಾರೆ ಕಂಡರು.

ಅಲ್ಲಿಂದ ಮುಂದೆ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯ. ಸಂಶೋಧನೆಗೆಂದು ಎತ್ತಿಕೊಂಡ ವಿಷಯಗಳು ಸುಲಭವಾಗಿ ಫಲಿಸಲಿಲ್ಲ. ಹಾವಿನ ಮೇಲೆ ಒಂದು ಸಮಸ್ಯೆಯನ್ನು ಹಿಡಿದರು, ಅಳಿಲಿನ ಮೇಲೆ ಇನ್ನೊಂದನ್ನು ಹಿಡಿದರು, ಎರಡನ್ನೂ ಬಿಡಬೇಕಾಯಿತು. ಕಡೆಗೆ ಬೆಕ್ಕುಮೀನಿನ ಭ್ರೂಣದಲ್ಲಿ ಮೊಟ್ಟಮೊದಲು ಮೂಡುವ ಆದಿಮ ಮೂತ್ರಪಿಂಡ ಹೇಗೆ ಬೆಳೆಯುತ್ತದೆಂಬುದನ್ನು ಕುರಿತು ಪ್ರಬಂಧ ಬರೆದು 1932ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಖರ್ಚಿಗಾಗಿ ಅದೇ ಕಾಲದಲ್ಲಿ ಇನ್ನೊಬ್ಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಇಲಿಗಳನ್ನೂ ಹಣ್ಣುನೊಣಗಳನ್ನೂ ನೋಡಿಕೊಳ್ಳುವ ಸಹಾಯಕಿಯಾಗಿ ದುಡಿಯುತ್ತಿದ್ದರು.

ಈ ಬಗೆಯ ಕೆಲಸ ಎಂಥದೆಂಬುದನ್ನು ಕಾಣದವರಿಗಾಗಿ ಎರಡು ಮಾತು ಹೇಳುತ್ತೇನೆ. ಮೀನಿನ ಮೊಟ್ಟೆಯಲ್ಲಿರುವ ಭ್ರೂಣ ಒಂದು ಸಾಸಿವೆ ಕಾಳಿಗಿಂತ ಎಷ್ಟೋ ದೊಡ್ಡದೇನಲ್ಲ. ಭ್ರೂಣಶಾಸ್ತ್ರಜ್ಞರು ಅದನ್ನು ಮೇಣದಲ್ಲಿ ಹುದುಗಿಸುತ್ತಾರೆ. ಕೂದಲಿಗಿಂತಲೂ ತೆಳುವಾದ ಪದರಗಳನ್ನಾಗಿ ಕೊಯ್ಯುತ್ತಾರೆ. ಒಂದೊಂದು ಪದರಕ್ಕೂ ಬಣ್ಣ ಹಿಡಿಸಿ, ಕ್ರಮ ತಪ್ಪದಂತೆ ಗಾಜಿನ ಪಟ್ಟಿಯ ಮೇಲೆ ಜೋಡಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದಾದಮೇಲೊಂದನ್ನು ನೋಡಿ, ಆ ಚಪ್ಪಟೆ ಚಿತ್ರಗಳಿಂದ ಘನರೂಪವಾದ ಅವಯವವೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾರೆ. ನಡುವೆ ಒಂದು ಪದರ ಕಾಣೆಯಾದರೆ, ಅಲ್ಲಿ ಹೀಗಿದ್ದಿರಬಹುದೆಂದು ಊಹಿಸಿ ಬರೆಯುವ ಸ್ವಾತಂತ್ರ್ಯ ಅವರಿಗಿಲ್ಲ. ಕಂಡದ್ದನ್ನು ಮಾತ್ರ ಬರೆಯಬೇಕು. ಕಾಣದ್ದನ್ನು ಕಾಣಲಿಲ್ಲವೆಂದು ಬರೆಯಬೇಕು. ಈ ಅಭ್ಯಾಸ ಒಮ್ಮೆ ರಕ್ತಗತವಾದರೆ ಬೇರೆ ಯಾವ ವೃತ್ತಿಗೆ ಹೋದರೂ ಮನುಷ್ಯನನ್ನು ಬಿಡುವುದಿಲ್ಲ.

ಇಷ್ಟು ಅವರ ಸಂಶೋಧನೆಯ ಕಥೆ. ಸಾಹಿತ್ಯದಿಂದ ವಿಜ್ಞಾನಕ್ಕೆ ಬಂದರು, ಕಷ್ಟಪಟ್ಟು ಒಂದು ಪ್ರಬಂಧ ಬರೆದರು, ಸಾಕ್ಷ್ಯವಿಲ್ಲದೆ ಮಾತನಾಡದ ಶಿಸ್ತನ್ನು ಕಲಿತರು. ಇನ್ನು ಅವರು ಪ್ರಯೋಗಶಾಲೆಯನ್ನು ಬಿಟ್ಟದ್ದು ಹೇಗೆಂಬುದನ್ನು ನೋಡೋಣ.

ಬಿಟ್ಟದ್ದು ಇಷ್ಟಪಟ್ಟಲ್ಲ, ಮನೆಯ ಬಡತನ ಬಿಡಿಸಿತು. ಆಗ ಅಮೆರಿಕದಲ್ಲೆಲ್ಲ ಆರ್ಥಿಕ ಮುಗ್ಗಟ್ಟು. 1934ರಲ್ಲಿ ಡಾಕ್ಟರೇಟಿನ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಮರುವರ್ಷ ತಂದೆ ತೀರಿಕೊಂಡರು. ವಯಸ್ಸಾದ ತಾಯಿಯನ್ನು ಸಾಕುವ ಹೊಣೆ ಮಗಳ ಮೇಲೆ ಬಿದ್ದಿತು. ಆ ಸಂಕಟದ ಕಾಲದಲ್ಲಿ, ವಾಷಿಂಗ್ಟನ್ನಿನ ಸರ್ಕಾರಿ ಮೀನುಗಾರಿಕೆ ಇಲಾಖೆಯಲ್ಲಿ ಎಲ್ಮರ್ ಹಿಗಿನ್ಸ್ ಎಂಬ ಅಧಿಕಾರಿಯನ್ನು ಅವರು ಕಂಡರು. ಇಲಾಖೆ ಜಲಜೀವಿಗಳನ್ನು ಕುರಿತು ಒಂದು ಬಾನುಲಿ ಕಾರ್ಯಕ್ರಮಮಾಲೆಯನ್ನು ಕೈಗೊಂಡಿತ್ತು. ವಿಜ್ಞಾನ ಬಲ್ಲವರು ಅಲ್ಲಿ ಬೇಕಾದಷ್ಟು ಮಂದಿ ಇದ್ದರು. ಆ ವಿಜ್ಞಾನವನ್ನು ಕೇಳುವವರ ಕಿವಿಗೆ ಒಪ್ಪುವಂತೆ ಬರೆಯಬಲ್ಲವರು ಸಿಕ್ಕಿರಲಿಲ್ಲ. ಹಿಗಿನ್ಸ್ ಅವರು ಆ ಕೆಲಸವನ್ನು, ಪೂರ್ಣಕಾಲದ ನೌಕರಿಯಾಗಿ ಅಲ್ಲದಿದ್ದರೂ, ಕಾರ್ಸನ್ ಅವರಿಗೆ ಒಪ್ಪಿಸಿದರು. ವಾರಕ್ಕೊಂದು ಭಾಷಣ, ಏಳು ನಿಮಿಷದ್ದು. ಒಟ್ಟಿನಲ್ಲಿ ಸುಮಾರು ಐವತ್ತು ಭಾಷಣಗಳು.

ಅದೇ 1935ರಲ್ಲಿ, ಭೂಮಿಯ ಈ ಬದಿಯಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರೇಷಕ ಯಂತ್ರವನ್ನಿಟ್ಟು, ಕನ್ನಡಿಗರಿಗೆ ಆಕಾಶವಾಣಿಯನ್ನು ಕೇಳಿಸಿದರು. ಇಬ್ಬರಿಗೂ ಪರಸ್ಪರ ಪರಿಚಯವಿರಲಿಲ್ಲ. ಆದರೂ ವಿದ್ಯಾವಂತರಾದ ಇಬ್ಬರು, ತಮ್ಮ ವಿದ್ಯೆ ಕಾಲೇಜಿನ ಗೋಡೆಗಳಿಂದ ಹೊರಕ್ಕೆ ಹೋಗಬೇಕೆಂದು ಒಂದೇ ವರ್ಷ ಒಂದೇ ಸಾಧನವನ್ನು ಹಿಡಿದರೆಂಬುದನ್ನು ನೆನೆದರೆ ನನಗೆ ಸಂತೋಷವಾಗುತ್ತದೆ.

ಏಳು ನಿಮಿಷವೆಂದರೆ ಎಷ್ಟು ಮಾತು? ಕನ್ನಡದಲ್ಲಾದರೆ ಹೆಚ್ಚೆಂದರೆ ಏಳು ನೂರು ಪದ. ಅಷ್ಟರಲ್ಲಿ ಒಂದು ಮೀನಿನ ಬಾಳನ್ನೆಲ್ಲ ಹೇಳಬೇಕು. ಚಿತ್ರವನ್ನು ತೋರಿಸುವಂತಿಲ್ಲ, ಕೋಷ್ಟಕವನ್ನು ಕೊಡುವಂತಿಲ್ಲ. ಓದುಗನಾದರೆ ಪುಟವನ್ನು ಹಿಂದಕ್ಕೆ ತಿರುಗಿಸಬಹುದು. ಕೇಳುಗನಿಗೆ ಆ ಅನುಕೂಲವಿಲ್ಲ. ಇದಲ್ಲದೆ ಇನ್ನೂ ಒಂದು ತೊಡಕುಂಟು. ಸಂಶೋಧನ ಪ್ರಬಂಧದಲ್ಲಿ ಮೊದಲು ಹಿಂದಿನವರು ಮಾಡಿದ ಕೆಲಸ ಬರುತ್ತದೆ, ಆಮೇಲೆ ವಿಧಾನ ಬರುತ್ತದೆ, ಆಮೇಲೆ ಅಳತೆಗಳು ಬರುತ್ತವೆ, ಇವೆಲ್ಲದರ ಅರ್ಥವೇನೆಂಬುದು ಕಟ್ಟಕಡೆಗೆ ಎರಡು ಪರಿಚ್ಛೇದಗಳಲ್ಲಿ ಸಂಕೋಚದಿಂದ ಕಾಣಿಸಿಕೊಳ್ಳುತ್ತದೆ. ಸಹವೃತ್ತಿಯವರಿಗೆ ಆ ಕ್ರಮವೇ ಸರಿ, ಏಕೆಂದರೆ ಅವರು ಪರೀಕ್ಷಿಸಲು ಓದುವವರು. ಮನೆಯಲ್ಲಿ ಕುಳಿತು ಬಾನುಲಿಯನ್ನು ಕೇಳುವ ಗೃಹಿಣಿಗೂ ಬೆಸ್ತನಿಗೂ ಬೇಕಾಗಿರುವುದು, ಇದು ಏನು, ಇದರಿಂದ ಏನಾಗುತ್ತದೆ, ಇದು ನಿಜವೆಂದು ಹೇಗೆ ತಿಳಿಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ; ಅದೂ ಈ ಕ್ರಮದಲ್ಲಿಯೇ. ಪ್ರಯೋಗಶಾಲೆಯಿಂದ ಬಂದವರು ಹೊಸದಾಗಿ ಕಲಿಯಬೇಕಾದ ಮೊದಲನೆಯ ವಿದ್ಯೆ ಈ ಕ್ರಮಪರಿವರ್ತನೆ. ಕಾರ್ಸನ್ ಅವರು ಅದನ್ನು ವಾರವಾರವೂ ಬರೆದು ಬರೆದು ಕಲಿತರು.

ಶ್ರೋತೃಗಳೆ, ಇಷ್ಟುಹೊತ್ತು ಹೇಳಿದ್ದು ಅವರು ಬಾನುಲಿಗೆ ಬಂದ ಬಗೆ. ಇನ್ನು, ಆ ಸಣ್ಣ ಕೆಲಸ ಪೂರ್ಣ ವೃತ್ತಿಯಾದದ್ದು ಹೇಗೆ? ಇದು ನಿಧಾನವಾಗಿ ಹೇಳಬೇಕಾದ ವಿಷಯ. ಸಂಬಳದ ಮಾತನ್ನು ಬಿಟ್ಟು ವೃತ್ತಿಯ ಮಾತನ್ನಾಡುವುದು ತರುಣರಿಗೆ ಮಾಡುವ ಅನ್ಯಾಯವೆಂದು ನಾನು ತಿಳಿದಿದ್ದೇನೆ.

ಭಾಷಣಗಳು ಮೆಚ್ಚುಗೆ ಪಡೆದುವು. 1936ರಲ್ಲಿ, ಸರ್ಕಾರಿ ಪರೀಕ್ಷೆಯಲ್ಲಿ ಉತ್ತೀರ್ಣರಾದಮೇಲೆ, ಅದೇ ಇಲಾಖೆಯಲ್ಲಿ ಕಿರಿಯ ಜಲಜೀವಶಾಸ್ತ್ರಜ್ಞೆಯಾಗಿ ಖಾಯಂ ಕೆಲಸ ಸಿಕ್ಕಿತು. ಮುಂದೆ ಸುಮಾರು ಹದಿನಾರು ವರ್ಷ ಅವರು ಸರ್ಕಾರಿ ನೌಕರರೇ. ಇತರ ವಿಜ್ಞಾನಿಗಳ ವರದಿಗಳನ್ನು ತಿದ್ದುವುದು, ಕರಪತ್ರ ಬರೆಯುವುದು, ಯುದ್ಧಕಾಲದಲ್ಲಿ ಮಾಂಸದ ಅಭಾವ ಬಂದಾಗ ಜನ ತಿನ್ನದಿದ್ದ ಮೀನುಗಳನ್ನು ಪರಿಚಯಮಾಡಿಕೊಡುವ ಪುಸ್ತಿಕೆಗಳನ್ನು ರಚಿಸುವುದು, ಕಡೆಕಡೆಗೆ ಇಲಾಖೆಯ ಪ್ರಕಟಣೆಗಳಿಗೆಲ್ಲ ಪ್ರಧಾನ ಸಂಪಾದಕರಾಗಿರುವುದು. ಇದು ಹಗಲಿನ ಕೆಲಸ. ಸ್ವಂತ ಬರವಣಿಗೆಗೆ ಉಳಿದದ್ದು ರಾತ್ರಿ. ಅಷ್ಟರಲ್ಲಿ ಅಕ್ಕನೂ ತೀರಿಕೊಂಡು, ಆಕೆಯ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸುವ ಭಾರವೂ ಕೂಡಿಕೊಂಡಿತ್ತು.

ಮೇಜಿನ ಮುಂದೆ ಕಳೆದ ಆ ವರ್ಷಗಳನ್ನು ಕಳೆದುಹೋದ ವರ್ಷಗಳೆಂದು ಯಾರೂ ಭಾವಿಸಬಾರದು. ಪ್ರಯೋಗಶಾಲೆಯಲ್ಲಿಯೇ ಉಳಿದಿದ್ದರೆ ಅವರಿಗೆ ಒಂದು ಮೀನಿನ ಒಂದು ಅವಯವ ಆಳವಾಗಿ ಗೊತ್ತಾಗುತ್ತಿತ್ತು. ಸಂಪಾದಕರಾದುದರಿಂದ, ದೇಶದ ನದಿ ಸಮುದ್ರಗಳಲ್ಲಿ ನಡೆಯುತ್ತಿದ್ದ ಅನ್ವೇಷಣೆಗಳ ಫಲಗಳು ಅಚ್ಚಿಗೆ ಹೋಗುವ ಮುನ್ನವೇ ಅವರ ಮೇಜಿನ ಮೇಲೆ ಹಾದುಹೋಗುತ್ತಿದ್ದುವು. ಮೀನಿನ ವಲಸೆ, ನೀರಿನ ಪ್ರವಾಹ, ಸಮುದ್ರದ ತಳ ಇವೆಲ್ಲದರ ನಡುವಣ ಸಂಬಂಧ ಕಾಣುವಂಥ ಒಂದು ಎತ್ತರ ಅವರಿಗೆ ದೊರೆಯಿತು. ವಿಜ್ಞಾನ ಸಂವಹನವೆಂಬ ವೃತ್ತಿಯ ದೊಡ್ಡ ಲಾಭವೇ ಈ ವಿಸ್ತಾರ. ಗದ್ದೆಯ ಬೇಸಾಯ ಬಲ್ಲವರಿಗೆ ಇದು ಬೇಗ ತಿಳಿದೀತು: ಸಸಿಮಡಿಯಲ್ಲಿ ಒತ್ತೊತ್ತಾಗಿ ಬೆಳೆದ ಬತ್ತದ ಪೈರನ್ನು ಬೇರು ಹರಿಯದಂತೆ ಕಿತ್ತು ಅಗಲವಾದ ಗದ್ದೆಯಲ್ಲಿ ನೆಟ್ಟರೆ, ಕೆಲವು ದಿನ ಅದು ಬಾಡಿದಂತೆ ಕಂಡರೂ, ತೆನೆ ಬಿಡುವುದು ಆ ಗದ್ದೆಯಲ್ಲಿಯೇ.

ಬಾಡಿದ ದಿನಗಳು ಕಾರ್ಸನ್ ಅವರಿಗೂ ಇದ್ದುವು. ಇಲಾಖೆಯ ಪುಸ್ತಿಕೆಯೊಂದಕ್ಕೆಂದು ಅವರು ಬರೆದ ಮುನ್ನುಡಿ ಸರ್ಕಾರಿ ಪ್ರಕಟಣೆಗೆ ಅತಿಯಾಗಿ ಸಾಹಿತ್ಯಕವಾಗಿತ್ತು. ಹಿಗಿನ್ಸ್ ಅದನ್ನು ಹಿಂದಿರುಗಿಸಿ, ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಗೆ ಕಳುಹಿಸುವಂತೆ ಸಲಹೆ ಕೊಟ್ಟರು. 1937ರಲ್ಲಿ ಅದು ಅಲ್ಲಿ ಅಚ್ಚಾಯಿತು. ಆ ಲೇಖನ ಬೆಳೆದು 1941ರಲ್ಲಿ ಮೊದಲನೆಯ ಪುಸ್ತಕವಾಯಿತು. ಸುಮಾರು ಒಂದು ತಿಂಗಳಿಗೆಲ್ಲ ಅಮೆರಿಕ ಯುದ್ಧಕ್ಕಿಳಿಯಿತು. ಪುಸ್ತಕ ಕೊಳ್ಳುವವರಿಲ್ಲದೆ ಉಳಿಯಿತು. ಹಲವು ವರ್ಷಗಳಲ್ಲಿ ಮಾರಾಟವಾದದ್ದು ಎರಡು ಸಾವಿರ ಪ್ರತಿಗಳಿಗಿಂತ ಕಡಮೆ. ಹತ್ತು ವರ್ಷ ಕಳೆದು 1951ರಲ್ಲಿ ಬಂದ ‘ದಿ ಸೀ ಅರೌಂಡ್ ಅಸ್’ ಎಂಬ ಎರಡನೆಯ ಪುಸ್ತಕವಾದರೋ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದ ಅತ್ಯಧಿಕ ಮಾರಾಟದ ಪುಸ್ತಕಗಳ ಪಟ್ಟಿಯಲ್ಲಿತ್ತು. ಆ ಪುಸ್ತಕಕ್ಕಾಗಿ ಅವರು ಅನೇಕ ಸಮುದ್ರವಿಜ್ಞಾನಿಗಳಿಗೆ ಕಾಗದ ಬರೆದು ವಿಚಾರಿಸಿದ್ದರು. ಸಂಶೋಧನ ನೌಕೆಯಲ್ಲಿ ಕಡಲಿಗೆ ಹೋಗಿದ್ದರು. ಅವರು ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟದ್ದು ಅದಾದಮೇಲೆ, 1952ರಲ್ಲಿ. ಬಾನುಲಿಯ ಮೊದಲ ಭಾಷಣದಿಂದ ಸ್ವತಂತ್ರ ಲೇಖನವೃತ್ತಿಯವರೆಗೆ ಹದಿನೇಳು ವರ್ಷದ ದಾರಿ! ಒಂದೇ ನೆಗೆತಕ್ಕೆ ದಾಟುವ ಹೊಳೆ ಇದಲ್ಲವೆಂದು ತರುಣರು ತಿಳಿದಿರಬೇಕು. ಜೀವನೋಪಾಯವನ್ನು ಉಳಿಸಿಕೊಂಡು ಕಲೆಯನ್ನು ಬೆಳೆಸಿದ್ದು ಅವರ ವಿವೇಕ.

ಪ್ರಯೋಗಶಾಲೆ, ಬಾನುಲಿ, ಸಂಪಾದಕತ್ವ, ಗ್ರಂಥರಚನೆ: ಇಲ್ಲಿಯವರೆಗೆ ಬಂದಿದ್ದೇವೆ. ಇನ್ನು ನಾನು ಬಹುಮುಖ್ಯವೆಂದು ತಿಳಿದಿರುವ ಅಂಶಕ್ಕೆ ಬರುತ್ತೇನೆ. ಪ್ರಯೋಗಶಾಲೆಯ ಶಿಸ್ತು ಬರಹಗಾರನನ್ನು ಹೇಗೆ ಕಾಪಾಡುತ್ತದೆ?

1962ರಲ್ಲಿ ‘ಸೈಲೆಂಟ್ ಸ್ಪ್ರಿಂಗ್’ ಹೊರಬಂದಿತು. ಡಿಡಿಟಿ ಮೊದಲಾದ ಕೀಟನಾಶಕಗಳನ್ನು ಲೆಕ್ಕವಿಲ್ಲದೆ ಎರಚುವುದರಿಂದ ಆಗುವ ಹಾನಿಯನ್ನು ಕುರಿತ ಪುಸ್ತಕ ಅದು. ಅದರಲ್ಲಿ ನಿರೂಪಿತವಾಗಿರುವ ಒಂದು ಸಂಗತಿಯನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ. ಅಮೆರಿಕದ ಎಲ್ಮ್ ಮರಗಳಿಗೆ ಒಂದು ರೋಗ ತಗುಲಿತ್ತು. ದುಂಬಿಗಳು ಅದನ್ನು ಮರದಿಂದ ಮರಕ್ಕೆ ಹರಡುತ್ತಿದ್ದುವು. ದುಂಬಿಯನ್ನು ಕೊಲ್ಲಲು ಮರಗಳಿಗೆ ಡಿಡಿಟಿ ಹೊಡೆದರು. ಎಲೆಗೆ ಅಂಟಿದ ವಿಷ ಮಳೆಗೂ ತೊಳೆದುಹೋಗಲಿಲ್ಲ. ಶರತ್ಕಾಲದಲ್ಲಿ ಎಲೆ ಉದುರಿತು. ಎರೆಹುಳು ಆ ಎಲೆಯನ್ನು ತಿಂದಿತು. ಸಾಯದೆ ಉಳಿದ ಹುಳುಗಳ ಮೈಯಲ್ಲಿ ವಿಷ ಶೇಖರವಾಯಿತು. ವಸಂತದಲ್ಲಿ ರಾಬಿನ್ ಹಕ್ಕಿಗಳು ವಲಸೆಯಿಂದ ಮರಳಿ ಬಂದು ಆ ಹುಳುಗಳನ್ನು ಹೆಕ್ಕಿದುವು. ದೊಡ್ಡ ಎರೆಹುಳು ಹತ್ತು ಹನ್ನೆರಡಾದರೆ ಒಂದು ಹಕ್ಕಿಯನ್ನು ಕೊಲ್ಲುವಷ್ಟು ವಿಷ ಸೇರುತ್ತಿತ್ತು. ರಾಬಿನ್ ಕೆಲವು ನಿಮಿಷಗಳಲ್ಲಿಯೇ ಅಷ್ಟು ಹುಳುಗಳನ್ನು ತಿನ್ನಬಲ್ಲ ಹಕ್ಕಿ.

ಇದನ್ನು ಕಂಡುಹಿಡಿದವರು ಕಾರ್ಸನ್ ಅಲ್ಲ. ಇಲಿನಾಯ್ ಪ್ರಾಂತ್ಯದ ರಾಯ್ ಬಾರ್ಕರ್ ಎಂಬ ವಿಜ್ಞಾನಿ ಮಣ್ಣನ್ನೂ ಎಲೆಯನ್ನೂ ಹುಳುವನ್ನೂ ಹಕ್ಕಿಯನ್ನೂ ಪರೀಕ್ಷಿಸಿ ಅಳೆದಿದ್ದರು. ಮಿಷಿಗನ್ನಿನ ಜಾರ್ಜ್ ವ್ಯಾಲೇಸ್ ಎಂಬ ಪಕ್ಷಿಶಾಸ್ತ್ರಜ್ಞರು ತಮ್ಮ ವಿಶ್ವವಿದ್ಯಾನಿಲಯದ ಆವರಣದಲ್ಲಿ ಸತ್ತುಬಿದ್ದ ಹಕ್ಕಿಗಳನ್ನು ವರ್ಷವರ್ಷವೂ ಗುರುತುಮಾಡಿದ್ದರು. ಆ ವಿಷಯ ವಿದ್ವತ್ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಅಲ್ಲಿಯೇ ಇತ್ತು. ಊರಿನ ಪೌರಸಭೆಗೆ, ಮರಕ್ಕೆ ವಿಷ ಹೊಡೆಯಲು ಹಣ ಮಂಜೂರು ಮಾಡುವವರಿಗೆ, ಅದು ತಲುಪಿರಲಿಲ್ಲ. ಕಾರ್ಸನ್ ಅವರು ಆ ಬಿಡಿ ಅಳತೆಗಳನ್ನು ಎಲೆ, ಹುಳು, ಹಕ್ಕಿ ಎಂಬ ಕ್ರಮದಲ್ಲಿ ಜೋಡಿಸಿದರು; ಮಧ್ಯದ ಒಂದು ಕೊಂಡಿಯನ್ನೂ ಊಹೆಯಿಂದ ತುಂಬಲಿಲ್ಲ. ಭ್ರೂಣದ ಪದರಗಳನ್ನು ಕ್ರಮವಾಗಿ ಜೋಡಿಸಿದ ಕೈ ಇಲ್ಲಿಯೂ ಕೆಲಸಮಾಡಿದೆಯೆಂದು ನನ್ನ ಭಾವನೆ.

ಪುಸ್ತಕಕ್ಕೆ ಬಂದ ವಿರೋಧ ಅಲ್ಪವಲ್ಲ. ಕೀಟನಾಶಕ ತಯಾರಿಸುವ ಉದ್ಯಮ ಅವರ ಮೇಲೆ ತಿರುಗಿಬಿದ್ದಿತು. ಆಕೆಗೆ ಡಾಕ್ಟರೇಟಿಲ್ಲ, ಆಕೆ ಯಾವ ಪ್ರಯೋಗಶಾಲೆಗೂ ಸೇರಿದವಳಲ್ಲ, ಭಾವುಕತೆಯಿಂದ ಜನರನ್ನು ಹೆದರಿಸುತ್ತಿದ್ದಾಳೆ ಎಂಬ ಟೀಕೆ ಎದ್ದಿತು. ವಿಜ್ಞಾನದ ಲೇಖಕರಾದವರಿಗೆ ಎಂದಾದರೂ ಎದುರಾಗಬಹುದಾದ ಟೀಕೆ ಇದು. ಅವರ ಉತ್ತರ ಪುಸ್ತಕದ ಕಡೆಯ ಭಾಗದಲ್ಲಿ ಮುಂಚೆಯೇ ಸಿದ್ಧವಾಗಿತ್ತು: ಐವತ್ತು ಪುಟಗಳಿಗೂ ಮೀರಿದ ಆಧಾರಗಳ ಸೂಚಿ. ಇಷ್ಟಲ್ಲದೆ, ಆಯಾ ವಿಷಯದ ತಜ್ಞರಿಗೆ ಅಧ್ಯಾಯಗಳನ್ನು ಅಚ್ಚಿಗೆ ಮೊದಲೇ ತೋರಿಸಿ ಅಭಿಪ್ರಾಯ ಪಡೆದಿದ್ದರು. ಎಲ್ಲ ಕೀಟನಾಶಕವನ್ನೂ ನಿಲ್ಲಿಸಬೇಕೆಂದು ಅವರು ಎಲ್ಲಿಯೂ ಹೇಳಿರಲಿಲ್ಲ. ಸಾಕ್ಷ್ಯ ಎಲ್ಲಿಯವರೆಗೆ ಹೋಗುವುದೋ ಅಲ್ಲಿಯವರೆಗೆ ಮಾತ್ರ ಹೋಗಿದ್ದರು. 1963ರಲ್ಲಿ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿ ತನ್ನ ವರದಿಯಲ್ಲಿ ಅವರ ಮಾತನ್ನು ಬಹುಮಟ್ಟಿಗೆ ಸಮರ್ಥಿಸಿತು. ಅಷ್ಟರಲ್ಲಿ ಅವರ ದೇಹವನ್ನು ಕ್ಯಾನ್ಸರ್ ಆಕ್ರಮಿಸಿತ್ತು. 1964ರಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅಮೆರಿಕದಲ್ಲಿ ಡಿಡಿಟಿಯ ಬಹುತೇಕ ಬಳಕೆಗೆ ನಿಷೇಧ ಬಂದದ್ದು 1972ರಲ್ಲಿ.

ಹೀಗೆ, ಒಂದು ಪ್ರಬಂಧ ಬರೆದು ಪ್ರಯೋಗಶಾಲೆಯನ್ನು ಬಿಟ್ಟ ಮಹಿಳೆಯೊಬ್ಬರು, ಆ ಶಿಸ್ತನ್ನು ಬಿಡದಿದ್ದುದರಿಂದ ಒಂದು ರಾಷ್ಟ್ರದ ನೀತಿಯನ್ನೇ ಬದಲಿಸಲು ಕಾರಣರಾದರು. ಇನ್ನು ನಮ್ಮ ಕಡೆಯ ಮಾತು.

ಕನ್ನಡದಲ್ಲಿ ಈ ಕಾರ್ಯಕ್ಕೆ ಪರಂಪರೆಯಿಲ್ಲವೆಂದು ಯಾರೂ ತಿಳಿಯಬಾರದು. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಬೆಂಗಳೂರಿನಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ನಡೆದದ್ದು ಸುಮಾರು ಎರಡು ವರ್ಷ. ಆದರೆ ಭೌತಶಾಸ್ತ್ರವನ್ನೂ ಜೀವಶಾಸ್ತ್ರವನ್ನೂ ಕನ್ನಡದಲ್ಲಿ ಹೇಳಬಹುದೆಂಬುದು ಅಲ್ಲಿಗೆ ಸ್ಥಿರವಾಯಿತು. ಪ್ರಯೋಗಶಾಲೆಯನ್ನು ಬಿಡದೆಯೇ ಈ ಕೆಲಸ ಮಾಡಿದ ಮಹನೀಯರೂ ನಮ್ಮಲ್ಲಿ ಆಗಿಹೋಗಿದ್ದಾರೆ. ಸಸ್ಯಗಳ ಅಂಗರಚನೆಯಲ್ಲಿ ಸಂಶೋಧಕರಾಗಿ ಖ್ಯಾತರಾದ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಎಂಬ ಗ್ರಂಥದಲ್ಲಿ ಬರೆದು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದರು. ಎರಡನ್ನೂ ಸಮನಾಗಿ ಹೊರಬಲ್ಲ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಇಲ್ಲದವರು ಒಂದನ್ನು ಆರಿಸಿಕೊಂಡರೆ ಅದರಲ್ಲಿ ಅಗೌರವವೇನೂ ಇಲ್ಲ.

ಆರಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಈ ವೃತ್ತಿಯಲ್ಲಿ ಖಾಯಂ ಹುದ್ದೆಗಳು ಕಡಮೆ. ಲೇಖನದ ಸಂಭಾವನೆಯೊಂದನ್ನೇ ನಂಬಿ ಸಂಸಾರ ಸಾಗಿಸುವುದು ಕನ್ನಡದಲ್ಲಿ ಇಂದಿಗೂ ಕಷ್ಟ. ವಸ್ತುಸಂಗ್ರಹಾಲಯ, ತಾರಾಲಯ, ಬಾನುಲಿ, ಪತ್ರಿಕೆ, ಸಂಶೋಧನಾಲಯಗಳ ಪ್ರಕಟಣ ವಿಭಾಗ ಇವುಗಳಲ್ಲಿ ಒಂದನ್ನು ಆಶ್ರಯಿಸಿ, ಉಳಿದ ಹೊತ್ತಿನಲ್ಲಿ ಬರೆಯುವುದು ಸುರಕ್ಷಿತವಾದ ಮಾರ್ಗ. ಸಂಸ್ಥೆಗಳ ಮುಖ್ಯಸ್ಥರಲ್ಲಿಯೂ ನನ್ನದೊಂದು ಬಿನ್ನಹವಿದೆ. ತನ್ನ ಕೆಲಸವನ್ನು ಜನಕ್ಕೆ ತಿಳಿಸಬಲ್ಲ ಸಂಶೋಧಕ ನಿಮ್ಮಲ್ಲಿದ್ದರೆ, ಆ ಬರವಣಿಗೆಯನ್ನು ಬಿಡುವಿನ ವಿನೋದವೆಂದು ತಳ್ಳಿಹಾಕದೆ ಕೆಲಸವೆಂದು ಗಣಿಸಿ, ಅದಕ್ಕೆ ಸಮಯವನ್ನೂ ಸಂಬಳವನ್ನೂ ಕೊಡಿರಿ.

ತರುಣ ಸಂಶೋಧಕರೆ, ನಿಮಗೆ ಹೇಳುವುದು ಇಷ್ಟು. ರಾಜೀನಾಮೆ ಬರೆಯುವ ಮುಂಚೆ, ನಿಮ್ಮ ಪ್ರಬಂಧದ ಒಂದು ಅಧ್ಯಾಯವನ್ನು ಎತ್ತಿಕೊಂಡು ಏಳು ನಿಮಿಷದ ಕನ್ನಡ ಭಾಷಣವಾಗಿ ಬರೆಯಿರಿ. ನಿಮ್ಮ ಊರಿನ ಶಾಲೆಯ ಉಪಾಧ್ಯಾಯರಿಗೆ ಅದನ್ನು ಓದಿಹೇಳಿರಿ. ಅವರಿಗೆ ಎಲ್ಲಿ ತಿಳಿಯಲಿಲ್ಲವೋ ಅಲ್ಲಿ ಗುರುತು ಹಾಕಿ ತಿದ್ದಿರಿ. ತಿದ್ದಿದ್ದನ್ನು ನಿಮ್ಮ ಸಂಶೋಧನೆಯ ಮಾರ್ಗದರ್ಶಕರಿಗೆ ತೋರಿಸಿ, ತಿಳಿಯಾಗಿಸುವ ಆತುರದಲ್ಲಿ ಎಲ್ಲಿಯಾದರೂ ನಿಜ ತಪ್ಪಿದೆಯೇ ಎಂದು ಕೇಳಿರಿ. ಇಬ್ಬರೂ ಒಪ್ಪುವವರೆಗೆ ಮತ್ತೆ ಮತ್ತೆ ಬರೆಯಿರಿ. ಒಪ್ಪಿದ ಮೇಲೆ ಅದನ್ನು ನಮ್ಮ ಬಾನುಲಿ ನಿಲಯಕ್ಕೆ ಕಳುಹಿಸಿಕೊಡಿರಿ.